ಹರಳನ್ನು ಒಡೆದ ಕುಂಕುಮದ ಕಣ

ನಾನು ಒಂದು ಕುಂಕುಮದ ಕಣ. ಹಣೆಗಿಡುವ ಬೊಟ್ಟಲ್ಲ, ಚಿಟಿಕೆಯೂ ಅಲ್ಲ. ಒಂದು ಚಿಟಿಕೆಯೊಳಗೆ ಲಕ್ಷಗಟ್ಟಲೆ ಇರುವವರಲ್ಲಿ ಒಬ್ಬ. ನಿಮ್ಮ ತಲೆಗೂದಲೊಂದರ ದಪ್ಪದಲ್ಲಿ ನನ್ನಂಥ ಐವರು ಸಾಲಾಗಿ ನಿಲ್ಲಬಹುದು. ಇಷ್ಟು ಸಣ್ಣವನಿಗೆ ಆತ್ಮಕಥೆಯ ಹುಚ್ಚು ಯಾಕೆ ಎಂದು ನಗುವವರು ನಗಲಿ. ಮೂರು ಸಾವಿರ ಮಂದಿಯ ಊರೊಂದನ್ನು ನಾನೊಬ್ಬನೇ ಏಳು ಸಲ ಹಾಳು ಮಾಡಿದ್ದೇನೆ. ನಿಮ್ಮ ದೊಡ್ಡ ದೊಡ್ಡ ದಾಳಿಕೋರರಿಗೆ ಕುದುರೆ ಬೇಕಾಗಿತ್ತು, ದಂಡು ಬೇಕಾಗಿತ್ತು. ನನಗೆ ಏನೂ ಬೇಕಿಲ್ಲವೆಂದು ನಾನು ತಿಳಿದಿದ್ದೆ.

ಹುಟ್ಟಿದ್ದೇ ಪೆಟ್ಟು ತಿಂದು. ಗದಗಿನ ಕಡೆಯ ಒಂದು ಊರಿನ ಬಡಿಗೇರ ಓಣಿಯಲ್ಲಿ ಕಾಳವ್ವ ಎಂಬ ಹೆಂಗಸು ಮನೆಗೆ ಬೇಕಾಗುವಷ್ಟು ಕುಂಕುಮವನ್ನು ವರ್ಷಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತಿದ್ದಳು. ಅಂಗಡಿಯ ಕುಂಕುಮ ಹಚ್ಚಿದರೆ ಅವಳ ಹಣೆ ತುರಿಸುತ್ತಿತ್ತು. ಅರಿಶಿನದ ಕೊಂಬು ಕೊಚ್ಚಿ, ನಿಂಬೆರಸ ಹಿಂಡಿ, ಸುಣ್ಣ ಕಲಸಿ ನಮ್ಮನ್ನು ನೆನೆಹಾಕಿದಳು. ಸುಣ್ಣ ಸುಟ್ಟಾಗ ಹಳದಿ ಮೈ ಕೆಂಪಾಯಿತು. ಆಮೇಲೆ ಬಿಸಿಲು, ಆಮೇಲೆ ಒರಳು. ಒನಕೆ ಬೀಳುವುದನ್ನು ಕೆಳಗಿನಿಂದ ನೋಡಿದವರಿಗೇ ಗೊತ್ತು ಅದರ ಭಯ. ಪಕ್ಕದಲ್ಲಿದ್ದವನು ಮರುಪೆಟ್ಟಿಗೆ ನೂರು ಮಂದಿಯಾಗಿ ಚೆಲ್ಲಿಹೋಗುತ್ತಿದ್ದ. ನಾನೂ ಹಾಗೆಯೇ ಯಾರದೋ ಮೈಯಿಂದ ಸಿಡಿದು ಬಂದವನು. ಒಂದು ಕಡೆ ಮೊನೆ, ಇನ್ನೊಂದು ಕಡೆ ಕೋರೆ. ದುಂಡಗೆ ಎನ್ನುವುದು ನನ್ನ ಮೈಯಲ್ಲಿ ಎಲ್ಲಿಯೂ ಇಲ್ಲ. ಪೆಟ್ಟು ತಿಂದು ಹುಟ್ಟಿದವನಿಗೆ ಪೆಟ್ಟು ಕೊಡುವ ಆಸೆ ಮೈಯಲ್ಲೇ ಇರುತ್ತದೆ.

ಕಾಳವ್ವ ನಮ್ಮನ್ನು ತೆಳು ಬಟ್ಟೆಯಲ್ಲಿ ಸೋಸಿ ಒಂದು ಹಿತ್ತಾಳೆಯ ಭರಣಿಗೆ ತುಂಬಿ ಮಗಳ ಕೈಗಿತ್ತಳು. ಮಗಳು ಮಹಾನಂದಾ. ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತ ಐದನೆಯ ವರ್ಷದಲ್ಲಿದ್ದವಳು.

“ದಸರಾ ಹತ್ರ ಬಂತು. ನಿಮ್ಮಪ್ಪ ಹೇಳೂದು ನೆನಪೈತಿಲ್ಲ?” ಎಂದಳು ಕಾಳವ್ವ. “ಖಂಡೇ ಪೂಜಾದಾಗ ಕುಂಕುಮ ಉಳಿ ಬಾಯಿಗೆ ಹಚ್ಚಬೇಕು, ಹಿಡಿಗಲ್ಲ. ಹಿಡಿ ಏನು ಕಟಗಿ ಕಡೀತೈತೇನು? ನಿನ್ನ ಯಂತ್ರದ ಬಾಯಿ ಎಲ್ಲೈತಿ ನೋಡಿ ಅಲ್ಲೇ ಹಚ್ಚು.”

“ನಮ್ಮ ಸರ ಕಂಡ್ರ ನನ್ನ ಹೊರಗ ಹಾಕ್ತಾರವಾ,” ಎಂದು ಮಹಾನಂದಾ ನಕ್ಕಳು. ಭರಣಿಯನ್ನು ಮಾತ್ರ ಚೀಲದಲ್ಲಿ ಇಟ್ಟುಕೊಂಡಳು.

ಅವಳ ಯಂತ್ರ ಎಂದರೆ ಉಕ್ಕಿನ ಒಂದು ಗುಂಡಗಿನ ಪಾತ್ರೆ, ಹತ್ತು ಮಂದಿಗೆ ಅನ್ನ ಬೇಯಿಸುವಷ್ಟು ದೊಡ್ಡದು. ಮೇಲೆ ದಪ್ಪ ಗಾಜಿನ ಮುಚ್ಚಳ. ತಳದಲ್ಲಿ ಎಲೆಕ್ಟ್ರೋಡ್ ಎಂಬ ಲೋಹದ ತಟ್ಟೆ, ಅದರ ಸುತ್ತ ಬಳೆಯಂಥ ಅಂಚು, ಅಂಚನ್ನು ಹಿಡಿದಿಡಲು ನಾಲ್ಕು ಸ್ಕ್ರೂ. ಈ ಪಾತ್ರೆಯನ್ನು ಲೇತಿನ ಮೇಲೆ ಕಡೆದು ಮಾಡಿದವನು ವಿಭಾಗದ ತಂತ್ರಜ್ಞ ಫಕೀರಪ್ಪ ಕಮ್ಮಾರ. ನಿವೃತ್ತಿಗೆ ಐದು ತಿಂಗಳಿದ್ದ ಮನುಷ್ಯ. ಪಾತ್ರೆಯ ಗಾಳಿಯನ್ನೆಲ್ಲ ಪಂಪು ಹೀರಿ ತೆಗೆಯುತ್ತದೆ. ಆಮೇಲೆ ಆರ್ಗಾನ್ ಎಂಬ ಅನಿಲವನ್ನು ಸ್ವಲ್ಪವೇ ಸ್ವಲ್ಪ ಬಿಟ್ಟು ವಿದ್ಯುತ್ ಕೊಟ್ಟರೆ ಒಳಗೆಲ್ಲ ನೇರಳೆ ಬೆಳಕು ಹೊತ್ತಿಕೊಳ್ಳುತ್ತದೆ. ಅದಕ್ಕೆ ಅವರು ಪ್ಲಾಸ್ಮಾ ಎನ್ನುತ್ತಾರೆ.

ಆ ಬೆಳಕಿನೊಳಕ್ಕೆ ಮಹಾನಂದಾ ಉಪ್ಪು ಉದುರಿಸಿದ ಹಾಗೆ ಪ್ಲಾಸ್ಟಿಕ್ಕಿನ ಸಣ್ಣ ಗುಂಡುಗಳನ್ನು ಉದುರಿಸುತ್ತಿದ್ದಳು. ಎಲ್ಲ ಒಂದೇ ಅಳತೆಯವು, ನನಗಿಂತ ಚಿಕ್ಕವು, ನುಣ್ಣನೆಯ ಸಭ್ಯಸ್ಥರು. ಅವು ಕೆಳಗೆ ಬೀಳುವುದಿಲ್ಲ. ಎಲೆಕ್ಟ್ರಾನುಗಳು ಮೆತ್ತಿಕೊಂಡು ಅವುಗಳ ಮೈಗೆ ಋಣ ವಿದ್ಯುತ್ ತುಂಬುತ್ತದೆ, ತಳದ ತಟ್ಟೆ ಅವನ್ನು ಮೇಲಕ್ಕೆ ತಳ್ಳುತ್ತದೆ, ಭಾರ ಕೆಳಕ್ಕೆ ಎಳೆಯುತ್ತದೆ. ಎರಡೂ ಸಮನಾದ ಎತ್ತರದಲ್ಲಿ ಮೂರು ಸಾವಿರ ಗುಂಡುಗಳೂ ಒಂದೇ ಹಾಳೆಯಂತೆ ತೇಲುತ್ತವೆ. ಒಂದನ್ನೊಂದು ದೂರ ತಳ್ಳುತ್ತ, ತಳ್ಳಿ ಸಾಕಾಗಿ, ಕೊನೆಗೆ ಪ್ರತಿಯೊಂದೂ ತನ್ನ ಸುತ್ತ ಆರು ನೆರೆಯವರನ್ನು ಒಪ್ಪಿಕೊಂಡು ನಿಂತುಬಿಡುತ್ತದೆ. ಜೇನುಹುಟ್ಟಿನ ಹಾಗೆ ಕಾಣುವ ಆ ಹಾಳೆಯನ್ನು ಮಹಾನಂದಾ ಹರಳು ಎಂದು ಕರೆಯುತ್ತಿದ್ದಳು.

ಅವಳ ಕೆಲಸ ಆ ಹರಳನ್ನು ಕರಗಿಸುವುದು. ಅನಿಲವನ್ನು ತೆಳುವಾಗಿಸುತ್ತ ಹೋದರೆ ಗುಂಡುಗಳ ನಡುಕವನ್ನು ತಡೆಯುವವರು ಕಡಿಮೆಯಾಗಿ ಒಂದು ಹಂತದಲ್ಲಿ ಸಾಲು ಕೆಡುತ್ತದೆ. ನೀವು ಉಸಿರಾಡುವ ಗಾಳಿಯ ಒತ್ತಡ ಒಂದು ಲಕ್ಷ ಪಾಸ್ಕಲ್ ಎನ್ನುತ್ತಾರೆ. ಇವಳ ಹರಳು ಇಪ್ಪತ್ತರಲ್ಲಿ ಗಟ್ಟಿಯಾಗಿ ನಿಂತು, ಆರಕ್ಕೆ ಇಳಿದಾಗ ಕರಗುತ್ತಿತ್ತು. ಹಿಂದಿನ ವರ್ಷ ಇಪ್ಪತ್ತೆರಡು ಸಲ ಅಳೆದಿದ್ದಳು, ಇಪ್ಪತ್ತೆರಡು ಸಲವೂ ಆರು. ಅವಳ ಮಹಾಪ್ರಬಂಧ ನಿಂತದ್ದೇ ಆ ಆರರ ಮೇಲೆ. ಅವಳ ಗೈಡ್ ಪ್ರೊಫೆಸರ್ ಇನಾಮದಾರ ಆ ಸಂಖ್ಯೆಯನ್ನು ತಮ್ಮ ಹೆಸರಿನೊಡನೆ ಅಚ್ಚಿಗೂ ಕಳಿಸಿಬಿಟ್ಟಿದ್ದರು.

ಇನಾಮದಾರರ ಬಗ್ಗೆ ಒಂದು ಮಾತು. ಬುದ್ಧಿ ಬಹಳ, ಸಿಟ್ಟು ಅದಕ್ಕಿಂತ ಬಹಳ. ಮೇಜಿನ ಮೇಲಿನದು ಕೈಗೆ ಸಿಕ್ಕರೆ ಅದು ಗೋಡೆಗೆ ಹೋಗಿ ಬಡಿಯುತ್ತಿತ್ತು. “ಲ್ಯಾಬ್ ಅಂದ್ರ ಗುಡಿ ಅಲ್ಲ” ಎನ್ನುವುದು ಅವರ ದಿನನಿತ್ಯದ ಮಂತ್ರ. ವರ್ಷಕ್ಕೊಮ್ಮೆ, ಆಯುಧಗಳನ್ನು ಪೂಜಿಸುವ ಖಂಡೇ ಪೂಜೆಯ ದಿನ ಮಾತ್ರ, ಫಕೀರಪ್ಪನ ವಯಸ್ಸಿಗೆ ಮರ್ಯಾದೆ ಕೊಟ್ಟು, ಯಂತ್ರಗಳ ಹೊರಮೈಗೆ ವಿಭೂತಿ ಕುಂಕುಮ ಹಚ್ಚಲು ಬಿಡುತ್ತಿದ್ದರು. ಒಳಗಿನದನ್ನು ಯಾರೂ ಮುಟ್ಟುವಂತಿಲ್ಲ.

ಆ ವರ್ಷ ಪೂಜೆಯ ದಿನ ಪಾತ್ರೆಯ ಮುಚ್ಚಳ ತೆಗೆದಿಟ್ಟಿತ್ತು. ರಬ್ಬರಿನ ಉಂಗುರ ಬದಲಿಸುವುದಿತ್ತು. ಫಕೀರಪ್ಪ ಅಂಗಡಿಯಿಂದ ತಂದ ಕುಂಕುಮದ ಪೊಟ್ಟಣ ಬಿಚ್ಚಿ ಪಂಪಿಗೆ, ಸಿಲಿಂಡರಿಗೆ, ಸ್ಪ್ಯಾನರುಗಳಿಗೆ ಹಚ್ಚಿ, ಕಾಯಿ ಒಡೆದು, ಬೇರೆ ಕೋಣೆಗಳಿಗೆ ಪ್ರಸಾದ ಹಂಚಲು ಹೋದ. ಮಹಾನಂದಾ ಒಬ್ಬಳೇ ಉಳಿದಳು. ಅವಳು ದೇವರನ್ನು ನಂಬುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಆದರೆ ಅವಳು ಬಡಿಗನ ಮಗಳು. ಹೊರಗೆ ಹಚ್ಚಿದ ಕುಂಕುಮ ಅವಳ ಕಣ್ಣಿಗೆ ಹಿಡಿಗೆ ಹಚ್ಚಿದ ಕುಂಕುಮದಂತೆ ಕಂಡಿತು. ಚೀಲದಿಂದ ಭರಣಿ ತೆಗೆದಳು. ಉಂಗುರಬೆರಳಿನಲ್ಲಿ ನಮ್ಮನ್ನು ಎತ್ತಿ ತಳದ ತಟ್ಟೆಯ ನಟ್ಟನಡುವೆ, ಕೆಲಸ ನಡೆಯುವ ಜಾಗಕ್ಕೇ, ಒಂದು ಬೊಟ್ಟಿಟ್ಟು ಕೈಮುಗಿದಳು.

ಮರುಕ್ಷಣವೇ ಅವಳಿಗೆ ಇನಾಮದಾರರ ಮಾತು ನೆನಪಾಯಿತು. ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿದಳು, ಮತ್ತೆ ಒರೆಸಿದಳು. ತಟ್ಟೆ ಕನ್ನಡಿಯಾಯಿತು. ಆದರೆ ಒರೆಸುವ ಬಟ್ಟೆ ನಮ್ಮಲ್ಲಿ ಹತ್ತಿಪ್ಪತ್ತು ಜನರನ್ನು ಅಂಚಿಗೆ ತಳ್ಳಿ, ಒಂದು ಸ್ಕ್ರೂವಿನ ತಲೆಯ ಗೀರಿನೊಳಕ್ಕೆ ಕೆಡವಿತ್ತು. ನಾವು ಅಲ್ಲಿ ಉಸಿರು ಬಿಗಿಹಿಡಿದು ಕೂತೆವು.

ಹಬ್ಬ ಮುಗಿದು ಕೆಲಸ ಮೊದಲಾಯಿತು. ಪಂಪು ಗುರ್ರೆಂದಿತು, ಗಾಳಿ ಹೋಯಿತು, ಆರ್ಗಾನ್ ಬಂತು, ಬೆಳಕು ಹೊತ್ತಿತು. ಆ ಹೊತ್ತಿಕೊಳ್ಳುವ ಏಟಿಗೇ ನಾನು ಗೀರಿನಿಂದ ಚಿಮ್ಮಿ ಮೇಲೆ ಬಂದೆ. ಎಲೆಕ್ಟ್ರಾನುಗಳು ನನ್ನ ಮೈಗೆ ಸಾವಿರಗಟ್ಟಲೆ ಮುತ್ತಿದವು. ಏನು ಬಲ! ಒರಳಿನಲ್ಲಿ ಹುಳದಂತೆ ಪೆಟ್ಟು ತಿಂದಿದ್ದವನು ಈಗ ಯಾವ ಆಧಾರವೂ ಇಲ್ಲದೆ ನೆಲಬಿಟ್ಟು ನಿಂತಿದ್ದೆ. ಅಷ್ಟರಲ್ಲಿ ಮೇಲಿನಿಂದ ಗುಂಡುಗಳು ಉದುರಿ, ತಳ್ಳಾಡಿ, ಸಾಲುಗಟ್ಟಿ ನಿಂತವು. ನಾನು ಭಾರದವನಾದ್ದರಿಂದ ಅವುಗಳ ಸಾಲಿಗೆ ಸೇರಲಾಗಲಿಲ್ಲ. ಒಂದು ಮೆಟ್ಟಿಲು ಕೆಳಗೆ, ಕತ್ತಲಲ್ಲಿ, ಒಬ್ಬನೇ.

ತಲೆ ಎತ್ತಿ ನೋಡಿದೆ. ಮೂರು ಸಾವಿರ ಬೆಳ್ಳನೆಯ ಹೊಟ್ಟೆಗಳು, ಅಳೆದಂತೆ ಅಂತರ, ಒಬ್ಬನೂ ಕೆಳಗೆ ನೋಡುವವನಿಲ್ಲ. ನನಗೆ ಹೊಟ್ಟೆ ಉರಿಯಿತು. ಹೇಳಿಬಿಡುತ್ತೇನೆ, ಅದು ಬರೀ ಹೊಟ್ಟೆಯುರಿ.

ಮಹಾನಂದಾ ಒತ್ತಡ ಇಳಿಸತೊಡಗಿದಳು. ಇಪ್ಪತ್ತು, ಹದಿನೆಂಟು, ಹದಿನಾರು. ಆ ಪಾತ್ರೆಯೊಳಗೆ ಮೇಲಿನಿಂದ ಕೆಳಕ್ಕೆ ಅಯಾನುಗಳೆಂಬ ಧನ ವಿದ್ಯುತ್ ಕಣಗಳ ಹೊಳೆಯೊಂದು ಸದಾ ಹರಿಯುತ್ತಿರುತ್ತದೆ. ಹೊಳೆಯ ನಡುವಿನ ಬಂಡೆಯ ಹಿಂದೆ ಸುಳಿ ಇರುವಂತೆ ಪ್ರತಿ ಗುಂಡಿನ ಅಡಿಯಲ್ಲೂ ಒಂದು ಸುಳಿ. ನನ್ನ ನೆತ್ತಿಯ ಮೇಲಿದ್ದ ಗುಂಡಿನ ಸುಳಿ ನನ್ನನ್ನು ತನ್ನತ್ತ ಎಳೆಯಿತು. ನಾನು ಹತ್ತಿರ ಹೋದರೆ ಆ ಗುಂಡು ನನ್ನನ್ನು ಕಂಡು ದೂರ ಸರಿಯಿತು. ಅದರಷ್ಟು ಸರಿಯಲ್ಲದ ವ್ಯವಹಾರ ಇನ್ನೊಂದಿಲ್ಲ: ನನಗೆ ಅದು ಬೇಕು, ಅದಕ್ಕೆ ನಾನು ಬೇಡ. ನಾನು ಬೆನ್ನಟ್ಟಿದೆ, ಅದು ಓಡಿತು. ಓಡಿದ್ದು ನೆರೆಯವನಿಗೆ ಡಿಕ್ಕಿ ಕೊಟ್ಟಿತು, ಅವನು ಅವನ ನೆರೆಯವನಿಗೆ. ಅನಿಲ ದಟ್ಟವಾಗಿದ್ದಾಗ ಈ ನೂಕಾಟವನ್ನೆಲ್ಲ ಅದು ಹಿಡಿದು ತಣ್ಣಗಾಗಿಸುತ್ತಿತ್ತು. ಈಗ ಹಿಡಿಯುವವರು ಇರಲಿಲ್ಲ.

ಹದಿನಾಲ್ಕಕ್ಕೆ ಬಂದಾಗ ನಾನು ಹುಚ್ಚನಾದೆ. ಸಾಲಿನ ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ ನುಗ್ಗಿದೆ, ತಲೆಯ ಮೇಲಿನವರೆಲ್ಲ ದಿಕ್ಕೆಟ್ಟು ಚಿಮ್ಮಿದರು. ಆರು ನೆರೆಯವರಿದ್ದವನಿಗೆ ಐವರಾದರು, ಏಳು ಜನರಾದರು, ಯಾರು ಯಾರ ನೆರೆ ಎಂಬುದೇ ಇಲ್ಲವಾಯಿತು. ಮಧ್ಯದಲ್ಲಿ ಒಂದು ಗಾಯದಂತೆ ಬಾಯಿ ತೆರೆದು ಅದು ಅಂಚಿನವರೆಗೂ ಹರಿಯಿತು. ಕೆಲವರು ಬಳೆಯ ಅಂಚನ್ನು ದಾಟಿ ಹೊರಗೆ ಬಿದ್ದು ಸತ್ತರು. ಉಳಿದವರು ಕುದಿಯುವ ಎಸರಿನ ಅಕ್ಕಿಯ ಹಾಗೆ ಎದ್ದೆದ್ದು ಬೀಳುತ್ತಿದ್ದರು. ಎರಡು ತಾಸು ಕೂತು ಕಟ್ಟಿದ ಊರು ನಾಲ್ಕು ಸೆಕೆಂಡಿಗೆ ಹಾಳಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ನಾನು. ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ.

ಮಹಾನಂದಾ ಗಾಬರಿಯಿಂದ ಒತ್ತಡವನ್ನು ಹದಿನಾಲ್ಕಕ್ಕಿಂತ ಮೇಲೇರಿಸಿದಳು. ಊರು ಕೂಡಲಿಲ್ಲ. ಹದಿನೆಂಟಕ್ಕೂ ಕೂಡಲಿಲ್ಲ. ಇಪ್ಪತ್ತೆರಡಕ್ಕೆ ಹೋದ ಮೇಲೆ ಬದುಕಿದವರು ನಡುಗುತ್ತ ಮತ್ತೆ ಸಾಲು ಕಟ್ಟಿದರು. ಅವಳು ನೋಟುಬುಕ್ಕಿನಲ್ಲಿ ಹದಿನಾಲ್ಕು ಎಂದು ಬರೆದು, ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಅದೂ ಸೇರಿ ಎರಡು ತಿಂಗಳಲ್ಲಿ ಹನ್ನೊಂದು ಸಲ ಪ್ರಯತ್ನಿಸಿದಳು. ಗುಂಡು ಬದಲಿಸಿದಳು, ಅನಿಲದ ಸಿಲಿಂಡರು ಬದಲಿಸಿದಳು, ಪ್ರತಿ ಸಲ ತಟ್ಟೆ ಒರೆಸಿದಳು. ಸ್ಕ್ರೂವಿನ ಗೀರು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ; ಒರೆಸಿದಾಗಲೆಲ್ಲ ಬಟ್ಟೆ ನಮ್ಮನ್ನು ಮತ್ತೆ ಅದರೊಳಕ್ಕೇ ತಳ್ಳುತ್ತಿತ್ತು. ಹನ್ನೊಂದರಲ್ಲಿ ಏಳು ಸಲ ಎದ್ದವನು ನಾನು, ನಾಲ್ಕು ಸಲ ನನ್ನ ಅಣ್ಣತಮ್ಮಂದಿರು. ಪ್ರತಿ ಸಲವೂ ಹದಿನಾಲ್ಕರ ಆಸುಪಾಸಿನಲ್ಲೇ ಊರು ಬಿತ್ತು. ಕ್ಯಾಮೆರಾ ಮೇಲಿನಿಂದ ನೋಡುತ್ತಿತ್ತು. ಹಸಿರು ಲೇಸರಿನ ತೆಳುವಾದ ಹಾಳೆ ಹರಳಿನ ಸಾಲಿಗೆ ಮಾತ್ರ ಬೆಳಕು ಕೊಡುತ್ತಿತ್ತು. ಕೆಳಗಿದ್ದ ನನ್ನನ್ನು ಕಾಣುವ ಕಣ್ಣೇ ಆ ಕೋಣೆಯಲ್ಲಿ ಇರಲಿಲ್ಲ.

ಇನಾಮದಾರರಿಗೆ ಹೇಳಲೇಬೇಕಾಯಿತು. ನೋಟುಬುಕ್ಕು ಗೋಡೆಗೆ ಬಡಿದು ಹಾಳೆ ಕಿತ್ತು ಬಿದ್ದಿತು.

“ಹ್ವಾದ ವರ್ಷ ಇಪ್ಪತ್ತೆರಡು ಸಲ ಆರು. ಈಗ ಹನ್ನೊಂದು ಸಲ ಹದಿನಾಲ್ಕು. ಎರಡರಾಗ ಒಂದು ಸುಳ್ಳು. ಆ ಆರು ಎಲ್ಲಿಂದ ತಂದಿ? ಮನಿಯಾಗ ಕೂತು ಬರಕೊಂಡು ಬಂದ್ಯೇನು?”

“ಇಲ್ರೀ ಸರ. ನೀವೂ ನೋಡೀರಲ್ರೀ…”

“ನಾ ನೀ ತೋರಿಸಿದ್ದನ್ನ ನೋಡೀನಿ! ಸೋಮವಾರ ಹೊರಗಿನ ಇಬ್ಬರು ಪರೀಕ್ಷಕರು ಬರತಾರ. ಅವರ ಮುಂದ ಆರು ತೋರಸು. ಇಲ್ಲಂದ್ರ ಅಂಕಿ ಖೊಟ್ಟಿ ಅಂತ ಬರದು ಸಹಿ ಮಾಡು. ನಿನ್ನ ಹೆಸರನ್ನ ನಾನ ಕಡದ ಹಾಕ್ತೀನಿ.”

ಅವಳು ಮುಚ್ಚಳದ ಗಾಜಿನ ಮೇಲೆ ಹಣೆಯಿಟ್ಟು ಬಹಳ ಹೊತ್ತು ನಿಂತಿದ್ದಳು. ಕೆಳಗಿನಿಂದ ಕಂಡದ್ದು ಅವಳ ಮೂಗಿನ ತುದಿ ಮತ್ತು ಉಸಿರಿಗೆ ಮಂಜಾಗುತ್ತಿದ್ದ ಗಾಜು. ಅವಳಿಗೆ ಅಂಜಿಕೆಗಿಂತ ಅವಮಾನ ಹೆಚ್ಚಾಗಿತ್ತು. ಐದು ವರ್ಷದಲ್ಲಿ ಒಂದೇ ಒಂದು ಅಂಕಿಯನ್ನೂ ಅವಳು ತಿದ್ದಿದವಳಲ್ಲ.

ಅವಳ ನೆರವಿಗೆ ಬಂದದ್ದು ಫಕೀರಪ್ಪ. “ತಂಗೀ, ಮ್ಯಾಲಿಂದ ನೋಡಿದ್ರ ಅಡಿಗಿ ಮನಿ ಸ್ವಚ್ಛನ ಇರತೈತಿ. ಒಲಿ ಕೆಳಗ ಬಗ್ಗಿ ನೋಡಬೇಕು,” ಎಂದು ಲೇಸರಿನ ಸ್ಟ್ಯಾಂಡಿನ ತಳದಿಂದ ಒಂದು ತಗಡಿನ ತುಂಡು ಎಳೆದುಹಾಕಿದ. ಹಸಿರು ಹಾಳೆ ಕೂದಲೆಳೆಯಷ್ಟು ಕೆಳಗಿಳಿಯಿತು.

ಬೆಳಕು ನನ್ನ ಮೇಲೆ ಬಿತ್ತು. ಕೆಂಪು ಮೈಯವನ ಮೇಲೆ ಹಸಿರು ಬೆಳಕು ಬಿದ್ದರೆ ಹೊಳೆಯುವುದು ಅಷ್ಟಕ್ಕಷ್ಟೇ. ಆದರೂ ನನ್ನ ಕೋರೆಮೊನೆಗಳು ತಿರುಗುತ್ತ ಮಿಣುಕು ಮಿಣುಕು ಎಂದವು. ದುಂಡಗಿನವನು ಮಿಣುಕುವುದಿಲ್ಲ.

“ಕಾಕಾ, ಅಲ್ನೋಡ್ರಿ! ಕಳ್ಳ!” ಎಂದು ಮಹಾನಂದಾ ಕೂಗಿದಳು. ನಾನು ಓಡಾಡಿದ ಕಡೆಯಲ್ಲೆಲ್ಲ ಮೇಲಿನ ಸಾಲು ಕದಡುವುದನ್ನು ಇಬ್ಬರೂ ಕಣ್ಣಾರೆ ಕಂಡರು. ಮಾರನೆಯ ದಿನ ತಟ್ಟೆಯ ಮೇಲೆ ಒಂದು ಅಂಟುಪಟ್ಟಿ ಹಾಸಿ, ನನ್ನನ್ನು ಅದರ ಮೇಲೆ ತೇಲುವಂತೆ ಮಾಡಿ, ತಟ್ಟನೆ ವಿದ್ಯುತ್ ನಿಲ್ಲಿಸಿದಳು. ಬಲವೆಲ್ಲ ಒಮ್ಮೆಲೇ ಇಳಿಯಿತು. ನಾನು ಕಲ್ಲಿನ ಹಾಗೆ ಬಿದ್ದು ಅಂಟಿನಲ್ಲಿ ಹೂತುಕೊಂಡೆ. ಅಂದಿನಿಂದ ಇಂದಿನವರೆಗೆ ನಾನು ಅಲುಗಿಲ್ಲ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಒಯ್ಯುವ ಮೊದಲು ಮೈಗೆ ಚಿನ್ನದ ತೆಳು ಲೇಪ ಹಾಕುತ್ತಾರೆ. ದುಷ್ಟನಿಗೆ ಬಂಗಾರದ ಅಂಗಿ. ನೂರಾರು ದುಂಡು ಹೆಣಗಳ ನಡುವೆ ನನ್ನನ್ನು ಹುಡುಕುವುದು ಕಷ್ಟವಾಗಲಿಲ್ಲ. ನನ್ನ ಮೈಯಲ್ಲಿ ಏನೇನಿದೆ ಎಂಬ ಪಟ್ಟಿಯೂ ಬಂತು: ಇಂಗಾಲ, ಆಮ್ಲಜನಕ, ಮತ್ತೆ ಎದ್ದು ಕಾಣುವಷ್ಟು ಕ್ಯಾಲ್ಸಿಯಂ. ಅಂದರೆ ಸುಣ್ಣ. ಪ್ಲಾಸ್ಟಿಕ್ಕಿನಲ್ಲಿ ಸುಣ್ಣವಿಲ್ಲ, ಉಕ್ಕಿನಲ್ಲಿ ಇಲ್ಲ, ಆರ್ಗಾನಿನಲ್ಲಿ ಇಲ್ಲ. ಮಹಾನಂದಾ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತುಬಿಟ್ಟಳು.

ಫಕೀರಪ್ಪ ಹಾಳೆ ನೋಡಿದ, ಅವಳ ಮುಖ ನೋಡಿದ. ಅವನಿಗೆ ಅರ್ಥವಾಯಿತು. “ಸ್ಕ್ರೂ ಬಿಚ್ಚಿ ತೊಳಿಯೂಣು ತಂಗೀ. ಸೋಮವಾರ ಆರು ಬರತೈತಿ. ಮುಗೀತು, ಮತ್ಯಾಕ ಆ ಮಾತು,” ಎಂದ. ಅವಳು ಹೂಂ ಎಂದು ತಲೆ ಅಲ್ಲಾಡಿಸಿದಳು. ಇಬ್ಬರೂ ಸೇರಿ ಪಾತ್ರೆಯ ಒಂದೊಂದು ಭಾಗವನ್ನೂ ಬಿಚ್ಚಿ ತೊಳೆದರು.

ಸೋಮವಾರ ಬೆಳಿಗ್ಗೆ ನಾನು ಪಾರದರ್ಶಕ ಡಬ್ಬಿಯೊಂದರಲ್ಲಿ, ನನ್ನ ಪಟ್ಟಿಯ ಹಾಳೆಯ ಮೇಲೆ, ಮೇಜಿನ ತುದಿಯಲ್ಲಿ ಇದ್ದೆ. ಪರೀಕ್ಷಕರು ಇಬ್ಬರು, ಮೈಸೂರು ಕಡೆಯ ಒಬ್ಬ ವಯಸ್ಸಾದ ಹೆಂಗಸು, ಜೊತೆಗೆ ಮಾತೇ ಆಡದ ಒಬ್ಬ ಗಂಡಸು. ಹರಳು ಕಟ್ಟಿತು. ಹದಿನಾಲ್ಕಕ್ಕೆ ಇಳಿಯಿತು, ನಿಂತಿತ್ತು. ಹತ್ತಕ್ಕೆ ಇಳಿಯಿತು, ನಿಂತಿತ್ತು. ಆರು ಬಂದಾಗ ಮೆಲ್ಲಗೆ ನಡುಗಿ ಕರಗಿತು. ಪರೀಕ್ಷಕಿ ತಲೆದೂಗಿದರು. ಮಹಾನಂದಾಳ ಹೆಸರು ಉಳಿಯಿತು.

ಆದರೆ ಇನಾಮದಾರರಂಥ ಬುದ್ಧಿವಂತರಿಗೆ ಇಷ್ಟು ಸಾಕಾಗುವುದಿಲ್ಲ. “ಮತ್ತ ಎರಡು ತಿಂಗಳು ಆ ಹದಿನಾಲ್ಕು ಎಲ್ಲಿಂದ ಬಂತು?” ಎಂದರು.

“ಒಳಗ ಸ್ವಲ್ಪ ಧೂಳ ಇತ್ರೀ ಸರ. ತೊಳದೀವಿ.”

“ಎಂಥಾ ಧೂಳ?” ಎನ್ನುತ್ತ ಅವರ ಕಣ್ಣು ಮೇಜಿನ ಮೇಲೆ ಹರಿದಾಡಿ ನನ್ನ ಡಬ್ಬಿಗೆ ಬಂದು ನಿಂತಿತು. ಕೆಳಗಿನ ಹಾಳೆ ಎಳೆದು ಓದಿದರು. ಇಂಗಾಲ, ಕ್ಯಾಲ್ಸಿಯಂ. ತಿರುಗಿ ಪಂಪಿನ ಕಡೆ ನೋಡಿದರು. ಪಂಪಿನ ಹಣೆಯಲ್ಲಿ ದಸರೆಯ ಕುಂಕುಮ ಇನ್ನೂ ಮಾಸಲಾಗಿ ಉಳಿದಿತ್ತು.

“ಕುಂಕುಮ!” ಕೋಣೆ ಅದುರುವಂತೆ ಕೂಗಿದರು. “ಫಕೀರಪ್ಪಾ! ನನ್ನ ಯಂತ್ರದ ಒಳಗ ಕುಂಕುಮ ಹಚ್ಚಿಯೇನೋ?”

ಫಕೀರಪ್ಪ ಒಂದು ಹೆಜ್ಜೆ ಮುಂದೆ ಬಂದ. “ಹೌದ್ರೀ ಸರ. ನಾನ ಹಚ್ಚೀನಿ. ತಪ್ಪಾತು.”

“ತಪ್ಪಾತಂತ! ಈ ಹುಡುಗಿ ಹೆಸರು ಮಣ್ಣಪಾಲಾಗತಿತ್ತು, ನನ್ನ ಹೆಸರು ಮಣ್ಣಪಾಲಾಗತಿತ್ತು!” ಇನಾಮದಾರರ ಎರಡೂ ಕೈ ಅವನ ಎದೆಗೆ ಬಿದ್ದವು. ಅವರು ಬೀಳಿಸಬೇಕೆಂದು ತಳ್ಳಿದರೋ, ದೂರ ಹೋಗೆಂದು ತಳ್ಳಿದರೋ. ಮುದುಕನ ಕಾಲಿಗೆ ಪಂಪಿನ ಕೊಳವೆ ತೊಡರಿತು. ಹಣೆ ಹೋಗಿ ಪಂಪಿನ ಕಬ್ಬಿಣದ ಅಂಚಿಗೆ ಬಡಿಯಿತು. ಟಪ್ ಎಂಬ ಶಬ್ದ, ಆಮೇಲೆ ಹುಬ್ಬಿನಿಂದ ಕೆನ್ನೆಗೆ, ಕೆನ್ನೆಯಿಂದ ಖಾಕಿ ಅಂಗಿಗೆ ರಕ್ತ. ಪರೀಕ್ಷಕರಿಬ್ಬರೂ ಎದ್ದುನಿಂತರು.

ನಾನು ಮಹಾನಂದಾಳನ್ನು ನೋಡುತ್ತಿದ್ದೆ. ಅವಳ ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ. ಫಕೀರಪ್ಪ ನೆಲದಿಂದಲೇ ಅವಳ ಕಡೆ ನೋಡಿ, ಬೇಡ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದ. ಅವಳಿಗೆ ಸುಮ್ಮನಿದ್ದರೆ ಸಾಕಾಗಿತ್ತು. ಆರು ಬಂದಿತ್ತು, ಪದವಿ ಕೈಗೆಟುಕುವಷ್ಟು ಹತ್ತಿರವಿತ್ತು, ತಪ್ಪನ್ನು ಬೇರೊಬ್ಬ ಹೊತ್ತಾಗಿತ್ತು. ನಾನು ಅವಳ ಉಸಿರು ಎಣಿಸಿದೆ. ಒಂಬತ್ತು ಉಸಿರು. ಅಷ್ಟು ಹೊತ್ತು ಆ ರಕ್ತ ಅವಳೆದುರೇ ಹನಿಯಿತು.

ಹತ್ತನೆಯ ಉಸಿರಿಗೆ ಅವಳು ಹೋಗಿ ಅವನ ಪಕ್ಕ ಮೊಣಕಾಲೂರಿ ದುಪಟ್ಟಾದಿಂದ ಹಣೆ ಒತ್ತಿಹಿಡಿದಳು. “ಅವರಲ್ರೀ ಸರ. ನಾ ಹಚ್ಚಿದ್ದು.”

“ಅವನ್ನ ಉಳಸಾಕ ಸುಳ್ಳು ಹೇಳಬ್ಯಾಡ.”

“ಸುಳ್ಳಲ್ರೀ,” ಎಂದು ಅವಳು ಎದ್ದಳು. “ಕಾಕಾ ತರೂದು ಅಂಗಡಿ ಕುಂಕುಮ. ಅದು ಬಳಪದ ಕಲ್ಲಿನ ಪುಡಿ, ಬಣ್ಣ. ಪಂಪಿನ ಮ್ಯಾಲಿನ್ದು ತಗದು ಈಗ ಮೈಕ್ರೋಸ್ಕೋಪಿಗೆ ಹಾಕ್ರಿ, ಕ್ಯಾಲ್ಸಿಯಂ ಬರೂದಿಲ್ಲ. ಇದರಾಗ ಸುಣ್ಣ ಐತಿ. ಸುಣ್ಣ ಹಾಕಿ ಕುಂಕುಮ ಮಾಡೂದು ನಮ್ಮವ್ವ.” ಚೀಲದಿಂದ ಹಿತ್ತಾಳೆಯ ಭರಣಿ ತೆಗೆದು ಮೇಜಿನ ಮೇಲಿಟ್ಟಳು. “ನನ್ನ ಮ್ಯಾಲೆ ಸಾಕ್ಷಿ ನಿಮ್ಮ ಕೈಯಾಗಿನ ಆ ಹಾಳೀನ ಐತ್ರೀ ಸರ.”

ಇನಾಮದಾರರು ಹಾಳೆ ನೋಡಿದರು. ಅವರಿಗೆ ಅದನ್ನು ಓದಲು ಬರುತ್ತಿತ್ತು. ಕೈ ಇಳಿಯಿತು.

ಫಕೀರಪ್ಪನನ್ನು ದವಾಖಾನೆಗೆ ಕರೆದೊಯ್ದರು, ನಾಲ್ಕು ಹೊಲಿಗೆ ಬಿದ್ದವು. ಅವನು ಮರಳಿ ಬಂದ ಮೇಲೆ, ಅದೇ ಮಧ್ಯಾಹ್ನ, ಪರೀಕ್ಷಕಿ ಕೇಳಿದರು: “ಮತ್ತೆ ಹಾಕಿ ತೋರಿಸ್ತೀಯೇನಮ್ಮ? ನೀನು ಹೇಳಿದ್ದನ್ನ ನಾನು ನಂಬ್ತೀನಿ. ಆದರೆ ನಂಬಿಕೆಯಿಂದ ಹದಿನಾಲ್ಕು ಬರಲ್ಲ.”

ಮಹಾನಂದಾ ಎಲ್ಲರ ಕಣ್ಣೆದುರು ಮುಚ್ಚಳ ತೆಗೆದು, ಉಂಗುರಬೆರಳಿನಿಂದ ತಟ್ಟೆಯ ನಡುವೆ ಬೊಟ್ಟಿಟ್ಟು, ಒರೆಸಿ, ಮುಚ್ಚಿದಳು. ಈ ಸಲ ಎದ್ದವನು ನನ್ನ ತಮ್ಮ. ಹದಿನಾಲ್ಕಕ್ಕೆ ಸರಿಯಾಗಿ ಅವನು ಊರನ್ನು ಚಿಂದಿ ಮಾಡಿದ. ಡಬ್ಬಿಯೊಳಗಿನಿಂದ ನೋಡುತ್ತಿದ್ದ ನನಗೆ ಮೊದಲ ಸಲ ಅದು ಚೆನ್ನಾಗಿ ಕಾಣಲಿಲ್ಲ. ಪರದೆಯ ಮೇಲೆ ಅಂಚಿನಾಚೆ ಎಸೆಯಲ್ಪಟ್ಟ ಒಂದು ಗುಂಡು ಕೊನೆಯವರೆಗೂ ತನ್ನ ಆರು ನೆರೆಯವರ ಕಡೆಗೇ ಮುಖಮಾಡಿತ್ತು ಎಂದು ನನಗನ್ನಿಸಿತು. ಗುಂಡಿಗೆ ಮುಖವೆಲ್ಲಿಯದು ಎಂದು ನೀವು ಕೇಳಬಹುದು.

ಆಮೇಲೆ ನಡೆದದ್ದು ಸುಖಾಂತ್ಯವೇನಲ್ಲ. ಇನಾಮದಾರರು ಫಕೀರಪ್ಪನ ಕ್ಷಮೆ ಕೇಳಿ ಕಾಗದ ಬರೆದುಕೊಟ್ಟರು. ಎದುರಿಗೆ ನಿಂತು ಕೇಳಲು ಮಾತ್ರ ಅವರಿಂದ ಆಗಲಿಲ್ಲ. ಮಹಾನಂದಾಳ ಗೈಡ್ ಆಗಿರಲಾರೆ ಎಂದರು. ಬೇರೆಯವರ ಕೈಕೆಳಗೆ ಅವಳ ಪದವಿ ಒಂದೂವರೆ ವರ್ಷ ತಡವಾಯಿತು. ವಿಭಾಗದ ಮಂದಿ ಹಿಂದಿನಿಂದ ಅವಳನ್ನು “ಕುಂಕುಮದಕ್ಕಿ”, ಅಂದರೆ ಕುಂಕುಮದವಳು, ಎಂದು ಕರೆದು ನಕ್ಕರು. ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯ ನನ್ನದು: ಸಾಲಿನ ಕೆಳಗೆ ಸೇರಿದ ಒಂದೇ ಒಂದು ಹೊರಗಿನ ಕಣ ಹರಳನ್ನು ಹೇಗೆ ಮುಂಚಿತವಾಗಿ ಕರಗಿಸುತ್ತದೆ ಎನ್ನುವುದು. ಫಕೀರಪ್ಪ ಹುಬ್ಬಿನ ಮೇಲಿನ ಕಲೆಯೊಂದಿಗೆ ನಿವೃತ್ತನಾದ. ಅಪ್ಪನ ಉಳಿಯ ಮಾತನ್ನು ಅವಳು ಅವನಿಗೆ ಹೇಳಿದ್ದಳು. ಹೋಗುವ ದಿನ ಅವಳು ಅವನ ಕಾಲು ಮುಟ್ಟಿದಾಗ, “ಏಳು ತಂಗೀ, ನಿಮ್ಮಪ್ಪಗ ಹೇಳು, ಈ ಯಂತ್ರಕ್ಕ ಬಾಯಿ ಇಲ್ಲಂತ,” ಎಂದು ನಕ್ಕ. ಅವಳು ನಗಲಿಲ್ಲ.

ಈಗ ನಾನು ಕಪಾಟಿನ ಮೇಲಿನ ಅರೆಯಲ್ಲಿ, ಡಬ್ಬಿಯೊಳಗೆ ಇದ್ದೇನೆ. ವಿದ್ಯುತ್ತಿಲ್ಲ, ಹೊಳೆಯಿಲ್ಲ. ಯೋಚಿಸಲು ಬೇಕಾದಷ್ಟು ಹೊತ್ತಿದೆ. ಊರು ಹಾಳು ಮಾಡಿದ ಬಲ ನನ್ನದೆಂದು ಮೆರೆದಿದ್ದೆನಲ್ಲ, ಅದು ನನ್ನದಲ್ಲ. ಮೇಲಿನಿಂದ ಹರಿಯುತ್ತಿದ್ದ ಅಯಾನುಗಳ ಹೊಳೆಯದು. ನಾನು ಹೊಳೆಗೆ ಸಿಕ್ಕ ಒಂದು ಕೋರೆ ಕಲ್ಲು. ಇನಾಮದಾರರ ಸಿಟ್ಟನ್ನೂ ನಾನು ಈಗ ಹಾಗೆಯೇ ನೋಡುತ್ತೇನೆ. ಆದರೂ ತಳ್ಳಿದ ಕೈ ಅವರದೇ. ಹೊಡೆತ ಎಂದರೆ ಶಬ್ದವಾಗುವುದು ಎಂದು ಒರಳಿನಲ್ಲಿ ಕಲಿತಿದ್ದೆ. ಶಬ್ದವಿಲ್ಲದ ಹೊಡೆತವನ್ನು ನಾನು ಕಂಡದ್ದು ಒಂದೇ ಸಲ, ಆ ಸೋಮವಾರ, ಆ ಒಂಬತ್ತು ಉಸಿರಿನಲ್ಲಿ.

ಹೊಸ ವಿದ್ಯಾರ್ಥಿಗಳು ಆಗಾಗ ಡಬ್ಬಿ ಇಳಿಸಿ ಕುತೂಹಲದಿಂದ ನೋಡುತ್ತಾರೆ. ಉಳಿದ ಡಬ್ಬಿಗಳ ಮೇಲೆಲ್ಲ ತಾರೀಖು, ಸಂಖ್ಯೆ ಅಷ್ಟೇ. ನನ್ನದರ ಮೇಲೆ ಮಹಾನಂದಾ ವಿಭಾಗ ಬಿಡುವ ದಿನ ತನ್ನ ಕೈಯಾರೆ ಬರೆದಂಟಿಸಿದ ಚೀಟಿಯಿದೆ. ಮೊದಲ ಸಾಲು ಓದುವಾಗ ಹುಡುಗರು ನಗುತ್ತಾರೆ. ಎರಡನೆಯದನ್ನು ಓದಿ ಯಾರೂ ನಕ್ಕದ್ದನ್ನು ನಾನು ಕಂಡಿಲ್ಲ.

ಕುಂಕುಮ. ಒಳಗೆ ಹಾಕಿದವಳು ನಾನು.
ಫಕೀರಪ್ಪ ಕಾಕಾ ಬಿದ್ದಾಗ ಸುಮ್ಮನೆ ನಿಂತವಳೂ ನಾನೇ.